ರಕ್ತದ ರಿಪೋರ್ಟ್ ಭವಿಷ್ಯ ಹೇಳುತ್ತದೆಯೇ?

2021ರ ಬೇಸಿಗೆಯಲ್ಲಿ ನಮ್ಮ ಅಕ್ಕಲಕೋಟ ಕಡೆ ಮನೆಮನೆಯಲ್ಲೂ ಎರಡು ಹೊಸ ಶಬ್ದ ಕೇಳಿಬಂದವು: ಸಿಆರ್‌ಪಿ ಮತ್ತು ಡಿ-ಡೈಮರ್. ಸೊಲ್ಲಾಪುರದ ಲ್ಯಾಬಿನಿಂದ ಮೊಬೈಲಿಗೆ ರಿಪೋರ್ಟ್ ಬರುತ್ತಿತ್ತು. ಅಂಕಿ ಹೆಚ್ಚು ಕಂಡರೆ, "ಇನ್ನ ಉಳಿಯೂದಿಲ್ಲ ಬಿಡ್ರಿ" ಅಂತ ಮನೆಯವರು ಧೈರ್ಯ ಬಿಡುತ್ತಿದ್ದರು. ಅಂಕಿ ನಾರ್ಮಲ್ ಬಂದರೆ, ಏದುಸಿರು ಬಿಡುತ್ತಿದ್ದರೂ ದವಾಖಾನೆಗೆ ಹೋಗದವರೂ ಇದ್ದರು. ಎರಡೂ ತಪ್ಪು ಅಂತ ನನ್ನ ಅಭಿಪ್ರಾಯ.

ಮೊದಲು ಇವು ಏನು ಅಂತ ನೋಡೋಣ. ಸಿಆರ್‌ಪಿ ಎಂಬುದು ಯಕೃತ್ತು ತಯಾರಿಸುವ ಒಂದು ಪ್ರೋಟೀನು. ದೇಹದಲ್ಲಿ ಉರಿಯೂತ ಶುರುವಾದರೆ ಕೆಲವೇ ತಾಸಿನಲ್ಲಿ ಏರುತ್ತದೆ. 1930ರಲ್ಲೇ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಗುರುತಿಸಿದ್ದರು. ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಚೂರುಗಳೇ ಡಿ-ಡೈಮರ್. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಮಾತ್ರ ತೀವ್ರ ಕೊರೋನಾದಲ್ಲಿ ಕಡಿಮೆಯಾಗುತ್ತವೆ. ಭೀಮಾ ನದಿಯ ಸೇತುವೆ ಕಂಬದ ಮೇಲಿನ ಮಟ್ಟದ ಗೆರೆ ಇದ್ದಂತೆ ಇವು. ಗೆರೆ ಮುಳುಗಿತೆಂದರೆ ನೀರು ಏರಿದೆ ಎಂದರ್ಥ; ಊರೊಳಗೆ ನೀರು ಬಂದೇ ಬರುತ್ತದೆ ಎಂದಲ್ಲ.

2020ರ ಮಾರ್ಚ್‌ನಲ್ಲಿ ಚೀನಾದ ವುಹಾನ್‌ನಿಂದ ಒಂದು ಅಧ್ಯಯನ ಬಂತು. ಆಸ್ಪತ್ರೆಗೆ ದಾಖಲಾಗಿದ್ದ 191 ಜನರಲ್ಲಿ 54 ಮಂದಿ ತೀರಿಕೊಂಡಿದ್ದರು. ದಾಖಲಾದಾಗಲೇ ಡಿ-ಡೈಮರ್ ಹೆಚ್ಚಿದ್ದವರಲ್ಲಿ ಸಾವಿನ ಅಪಾಯ ಹೆಚ್ಚು ಎಂದು ಅದರಲ್ಲಿ ಕಂಡಿತು. 54ನ್ನು 191ರಿಂದ ಭಾಗಿಸಿ ನೋಡಿ, ಶೇಕಡಾ 28. ಇದು ಎಲ್ಲ ಕೊರೋನಾ ರೋಗಿಗಳ ಲೆಕ್ಕವೇ? ಅಲ್ಲ. ಆಸ್ಪತ್ರೆ ಸೇರುವಷ್ಟು ಕಾಯಿಲೆಯಾದವರ ಲೆಕ್ಕ. ಮನೆಯಲ್ಲಿ ಸಣ್ಣ ಜ್ವರದಿಂದ ಮಲಗಿದ ನಿಮ್ಮ ಕಾಕಾನಿಗೆ ಅದನ್ನು ಹಚ್ಚಿದರೆ ಗಣಿತವೇ ತಪ್ಪುತ್ತದೆ. ಮೇಲಾಗಿ ಗರ್ಭಿಣಿಯರಲ್ಲಿ, ವಯಸ್ಸಾದವರಲ್ಲಿ ಡಿ-ಡೈಮರ್ ಕೊರೋನಾ ಇಲ್ಲದೆಯೂ ಏರಿರುತ್ತದೆ.

ಹಾಗಾದರೆ ಈ ಪರೀಕ್ಷೆ ದಂಡವೇ? ಖಂಡಿತ ಅಲ್ಲ. ದಾಖಲಾದ ರೋಗಿಯ ಆಮ್ಲಜನಕ 92ಕ್ಕಿಂತ ಕೆಳಗಿಳಿದು, ಸಿಆರ್‌ಪಿ 75 ಅಥವಾ ಹೆಚ್ಚಿದ್ದರೆ ಟೋಸಿಲಿಜುಮಾಬ್ ಎಂಬ ಔಷಧಿಯಿಂದ ಸಾವು ಕಡಿಮೆಯಾಗುತ್ತದೆ ಎಂದು ಬ್ರಿಟನ್ನಿನ 'ರಿಕವರಿ' ಪ್ರಯೋಗ 2021ರಲ್ಲಿ ತೋರಿಸಿತು. ಅಲ್ಲಿ ಅಂಕಿಯಿಂದ ಚಿಕಿತ್ಸೆಯೇ ಬದಲಾಯಿತು. ಅದೇ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್, ಆಮ್ಲಜನಕ ಬೇಕಿಲ್ಲದ ರೋಗಿಗಳಿಗೆ ಪ್ರಯೋಜನವಾಗಲಿಲ್ಲ. ಆದರೂ ಸಿಆರ್‌ಪಿ ಸ್ವಲ್ಪ ಏರಿತೆಂದು ಮನೆಯಲ್ಲೇ ಸ್ಟಿರಾಯ್ಡ್ ನುಂಗಿದವರು ಎಷ್ಟೋ ಜನ. ಸಕ್ಕರೆ ಕಾಯಿಲೆ ಇದ್ದವರಿಗೆ ಸ್ಟಿರಾಯ್ಡ್‌ನಿಂದ ಕಪ್ಪು ಶಿಲೀಂಧ್ರದ ಅಪಾಯ ಹೆಚ್ಚು. ಸೌಮ್ಯ ಲಕ್ಷಣದವರು ಇಂಥ ರಕ್ತ ಪರೀಕ್ಷೆಗೆ ಓಡಬೇಡಿ ಎಂದು ದಿಲ್ಲಿ ಏಮ್ಸ್‌ನ ಆಗಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ 2021ರ ಮೇ ತಿಂಗಳಲ್ಲಿ ಹೇಳಿದ್ದರು. ಕೇಳಿದವರು ಕಡಿಮೆ.

ನನಗೆ ಹಿಡಿಸಿದ್ದು ಬ್ರಿಟನ್ನಿನ '4ಸಿ' ಅಂಕಪಟ್ಟಿ. ಅದರಲ್ಲಿ ಎಂಟು ವಿಷಯಗಳಿವೆ. ವಯಸ್ಸು, ಲಿಂಗ, ಬೇರೆ ಕಾಯಿಲೆಗಳ ಸಂಖ್ಯೆ, ಉಸಿರಿನ ವೇಗ, ಆಮ್ಲಜನಕ, ಎಚ್ಚರದ ಸ್ಥಿತಿ ಇವು ಆರು. ರಕ್ತದ್ದು ಎರಡೇ, ಯೂರಿಯಾ ಮತ್ತು ಸಿಆರ್‌ಪಿ. ಆದರೆ ಅದೂ ಅಲ್ಲಿಯ ರೋಗಿಗಳಿಂದ ಹುಟ್ಟಿದ್ದು. ಸೊಲ್ಲಾಪುರದ ಸಿವಿಲ್ ಹಾಸ್ಪಿಟಲ್‌ಗೆ ಬರುವವರಲ್ಲಿ ಬೀಡಿ ಕಟ್ಟುವವರು, ಪವರ್‌ಲೂಮ್ ಕಾರ್ಮಿಕರು, ರಕ್ತಹೀನತೆಯ ಹೆಣ್ಣುಮಕ್ಕಳು ಇರುತ್ತಾರೆ. ನಮ್ಮವರ ದಾಖಲೆಗಳ ಮೇಲೆ ಒರೆಗೆ ಹಚ್ಚದೆ ಯಾವ ಅಂಕಪಟ್ಟಿಯನ್ನೂ ಇಲ್ಲಿ ಪೂರ್ತಿ ನಂಬಬಾರದು. ನಿಮ್ಮಲ್ಲಿ ಯಾರಾದರೂ ಮುಂದೆ ಡಾಕ್ಟರಾದರೆ ಈ ಕೆಲಸ ನಿಮ್ಮದು.

ಈಗಲೇ ಮಾಡಬಹುದಾದದ್ದೂ ಒಂದಿದೆ. ಅಜ್ಜ ಸುಮ್ಮನೆ ಕೂತಿದ್ದಾಗ ಗಡಿಯಾರ ಹಿಡಿದು ಒಂದು ನಿಮಿಷ ಅವರ ಉಸಿರು ಎಣಿಸಿ. ಆರೋಗ್ಯವಂತ ದೊಡ್ಡವರಲ್ಲಿ ಅದು ಸುಮಾರು 12ರಿಂದ 20. ನಮ್ಮ ದೇಶದ ಕೊರೋನಾ ಮಾರ್ಗಸೂಚಿಯ ಪ್ರಕಾರ 24 ಮುಟ್ಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಎಣಿಸುತ್ತಿದ್ದೀರಿ ಅಂತ ಅಜ್ಜನಿಗೆ ಮಾತ್ರ ಹೇಳಬೇಡಿ. ಗೊತ್ತಾದರೆ ಉಸಿರಿನ ಲಯವೇ ಬದಲಾಗಿಬಿಡುತ್ತದೆ.