ತಡವಾದ ತೀರ್ಪಿನ ಲಾಭ ಯಾರಿಗೆ?

ಕನಮಡಿಯ ರೈತನೊಬ್ಬನ ಮೇಲೆ ಬಾಂದಿನ ಜಗಳದಲ್ಲಿ ಕ್ರಿಮಿನಲ್ ಕೇಸು ಬಿತ್ತೆಂದುಕೊಳ್ಳಿ. ಅವನ ಶಿಕ್ಷೆ ತೀರ್ಪಿಗಾಗಿ ಕಾಯುವುದಿಲ್ಲ. ತಾರೀಖು ಬಂದಾಗಲೆಲ್ಲ ವಿಜಯಪುರದ ಕೋರ್ಟಿಗೆ ಹೋಗಿಬರುವ ಖರ್ಚು, ಕೈತಪ್ಪಿದ ಹೊಲದ ಕೆಲಸ, ವಕೀಲರ ಫೀಸು ಎಲ್ಲ ಸೇರಿ, ಖುಲಾಸೆಯಾಗುವ ಹೊತ್ತಿಗೆ ಅವನು ಅರ್ಧ ಶಿಕ್ಷೆ ಉಂಡಿರುತ್ತಾನೆ. ಅಧಿಕಾರಸ್ಥರ ಲೆಕ್ಕವೇ ಬೇರೆ. ಕೇಸು ಎಳೆದಷ್ಟೂ ಅವರಿಗೆ ಲಾಭ.

ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ 1996ರದು. ತಮಿಳುನಾಡಿನಲ್ಲಿ ಅವರೇ ಮುಖ್ಯಮಂತ್ರಿಯಾಗಿದ್ದಾಗ ನ್ಯಾಯಯುತ ವಿಚಾರಣೆ ಸಾಧ್ಯವಿಲ್ಲವೆಂದು 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬೆಂಗಳೂರಿಗೆ ವರ್ಗಾಯಿಸಿತು. 2014ರಲ್ಲಿ ಇಲ್ಲಿನ ವಿಶೇಷ ನ್ಯಾಯಾಲಯ ನಾಲ್ಕು ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿದಾಗ ಅವರ ಕುರ್ಚಿಯೂ ಹೋಯಿತು. ಮರುವರ್ಷ ಹೈಕೋರ್ಟ್ ಖುಲಾಸೆ ಮಾಡಿತು, ಕುರ್ಚಿ ಮರಳಿತು. ವಿಶೇಷ ನ್ಯಾಯಾಲಯದ ತೀರ್ಪೇ ಸರಿಯೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಅವರು ತೀರಿಹೋಗಿ ಎರಡು ತಿಂಗಳು ಕಳೆದಿತ್ತು.

ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಗಾಲಿ ಜನಾರ್ದನ ರೆಡ್ಡಿ ಅವರನ್ನು ಸಿಬಿಐ ಬಂಧಿಸಿದ್ದು 2011ರ ಸೆಪ್ಟೆಂಬರಿನಲ್ಲಿ. ಹೈದರಾಬಾದಿನ ನ್ಯಾಯಾಲಯ ಏಳು ವರ್ಷದ ಶಿಕ್ಷೆ ಪ್ರಕಟಿಸಿದ್ದು 2025ರ ಮೇನಲ್ಲಿ. ಈ ನಡುವೆ ಅವರು ಸ್ವಂತ ಪಕ್ಷ ಕಟ್ಟಿ ಗಂಗಾವತಿಯ ಶಾಸಕರಾಗಿದ್ದರು. ತೀರ್ಪು ಬಂದ ತಿಂಗಳೊಪ್ಪತ್ತಿನಲ್ಲಿ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಹಾಗಾದರೆ ಕಾನೂನು ಕೈಲಾಗದ್ದೇ? ಹಾಸನದ ಪ್ರಕರಣ ಅಲ್ಲವೆನ್ನುತ್ತದೆ. ಮಾಜಿ ಪ್ರಧಾನಿಯ ಮೊಮ್ಮಗ, ಅಂದಿನ ಸಂಸದ ಪ್ರಜ್ವಲ್ ರೇವಣ್ಣ 2024ರ ಮೇ 31ರಂದು ಬಂಧನಕ್ಕೊಳಗಾದರು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಮನೆಗೆಲಸದ ಹೆಣ್ಣುಮಗಳೊಬ್ಬಳ ಸಾಕ್ಷ್ಯ ಆ ಮನೆತನದ ವರ್ಚಸ್ಸಿನೆದುರು ನಿಂತಿತು. ವಿಶೇಷ ತನಿಖಾ ತಂಡವಿತ್ತು, ಜಾಮೀನು ಸಿಗಲಿಲ್ಲ, ವಿಚಾರಣೆ ನಿಲ್ಲಲಿಲ್ಲ.

ಆದರೆ ಆ ತಂಡ ರಚಿಸಿದ್ದು ಎದುರಾಳಿ ಪಕ್ಷದ ಸರ್ಕಾರ. ವಿರೋಧಿಯ ಕೇಸು ಓಡುತ್ತದೆ, ತಮ್ಮವರದು ಕುಂಟುತ್ತದೆ ಎಂಬ ಜನರ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. 2016ರಲ್ಲಿ ಕರ್ನಾಟಕ ಸರ್ಕಾರ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತು, ಮುಖ್ಯಮಂತ್ರಿಯ ಹಿಡಿತದಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಕಟ್ಟಿತು. ಬೇರೆ ಪಕ್ಷದ ಸರ್ಕಾರ ಬಂದ ಮೇಲೂ ಅದು ಉಳಿಯಿತು. ಕೊನೆಗೆ 2022ರ ಆಗಸ್ಟಿನಲ್ಲಿ ಅದನ್ನು ರದ್ದುಗೊಳಿಸಿದ್ದು ಹೈಕೋರ್ಟ್. ಕಳ್ಳನ ಕೈಯಲ್ಲಿ ಕೀಲಿಕೈ ಕೊಡಬಾರದೆಂಬ ವಿವೇಕ ಯಾವ ಪಕ್ಷಕ್ಕೂ ತಾನಾಗಿ ಬರಲಿಲ್ಲ.

ಪ್ರಬಲರನ್ನು ಕಟಕಟೆಗೆ ತರಲು ಕಾನೂನಿಗೆ ಶಕ್ತಿಯಿದೆ, ಆದರೆ ಎರಡು ಷರತ್ತುಗಳ ಮೇಲೆ. ತನಿಖಾಧಿಕಾರಿಯ ವರ್ಗಾವಣೆ ಆರೋಪಿಯ ಬಳಗದ ಕೈಯಲ್ಲಿರಬಾರದು. ಮೇಲ್ಮನವಿಯೂ ಸೇರಿ ವಿಚಾರಣೆಗೆ ಕಾಲಮಿತಿ ಇರಬೇಕು. ಇವೆರಡಿಲ್ಲದೆ ಎಷ್ಟು ಕಠಿಣ ಶಿಕ್ಷೆ ಬರೆದರೂ ಅದು ಪುಸ್ತಕದಲ್ಲೇ ಉಳಿಯುತ್ತದೆ. ಮತ ಕೇಳಲು ಬಂದವರಿಗೆ 'ಎದುರಾಳಿಯನ್ನು ಯಾವಾಗ ಜೈಲಿಗೆ ಕಳಿಸುತ್ತೀರಿ' ಎಂದು ಕೇಳುವುದು ಸುಲಭ. 'ನಿಮ್ಮ ಮೇಲೆ ಕೇಸು ಬಿದ್ದರೆ ತನಿಖೆ ಯಾರ ಕೈಯಲ್ಲಿರುತ್ತದೆ' ಎಂದು ಕೇಳಿದರೆ ಅವರ ಬಣ್ಣ ಬಯಲಾಗುತ್ತದೆ.