ಹೊಲದಿಂದ ಹಾಡಿಯವರೆಗೆ: ಮುಜಾಫರ್ ಅಸ್ಸಾದಿಯವರ ಅಧ್ಯಯನದ ದಾರಿ

ರಾಜ್ಯಶಾಸ್ತ್ರಜ್ಞ ಮುಜಾಫರ್ ಅಸ್ಸಾದಿಯವರು 2025ರ ಜನವರಿಯಲ್ಲಿ ನಿಧನರಾದಾಗ ಅವರನ್ನು ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರೆಂದೂ ಪ್ರಗತಿಪರ ಚಿಂತಕರೆಂದೂ ನೆನೆಯಲಾಯಿತು. ಎರಡೂ ನಿಜವೇ. ಆದರೆ ಶಲವಡಿಯಂತಹ ಬಯಲಿನ ಊರಿಗೂ ನಮ್ಮ ಬೆಟ್ಟದ ಹಳ್ಳಿಗಳಿಗೂ ಅವರ ಅಧ್ಯಯನದಲ್ಲಿ ಏನಿದೆ ಎಂಬ ಚರ್ಚೆ ಇನ್ನೂ ನಡೆಯಬೇಕಾಗಿದೆ.

ಶಲವಡಿ ಹಳೆಯ ನವಲಗುಂದ ತಾಲೂಕಿನ ಎರೆಭೂಮಿಯ ಊರು. ಮಲಪ್ರಭಾ ಅಚ್ಚುಕಟ್ಟಿನ ಈ ಸೀಮೆಯಲ್ಲಿ ನೀರು ಸರಿಯಾಗಿ ಮುಟ್ಟದ ಹೊಲಗಳ ಮೇಲೂ ಅಭಿವೃದ್ಧಿ ಕರ ಹೇರಿದಾಗ ರೈತರು ಬಂಡೆದ್ದರು. 1980ರ ಜುಲೈ 21ರ ಗೋಲಿಬಾರಿನಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಪ್ರಾಣ ತೆತ್ತರು. ಉಡುಪಿ ಜಿಲ್ಲೆಯ ಶಿರ್ವದವರಾದ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಓದಿದ ಅಸ್ಸಾದಿಯವರು ಕರ್ನಾಟಕದ ರೈತ ಚಳವಳಿಯನ್ನು ಕುರಿತ ತಮ್ಮ ಗ್ರಂಥಕ್ಕೆ ಆರಿಸಿಕೊಂಡ ಅವಧಿ 1980ರಿಂದ 1994. ಮೊದಲ ವರ್ಷ ಈ ಎರೆಸೀಮೆಯ ಕರ ನಿರಾಕರಣೆಯದು. ಕೊನೆಯದು ಗ್ಯಾಟ್ ಒಪ್ಪಂದಕ್ಕೆ ಮರಕ್ಕೇಶ್‌ನಲ್ಲಿ ಭಾರತವೂ ಸಹಿ ಹಾಕಿದ ವರ್ಷ. ಕಾಲುವೆಯ ಕರದ ವಿರುದ್ಧ ಎದ್ದ ಚಳವಳಿ ಹದಿನಾಲ್ಕೇ ವರ್ಷಗಳಲ್ಲಿ ಬೀಜದ ಹಕ್ಕನ್ನು ಕುರಿತು ಜಗತ್ತಿನೊಡನೆ ವಾದಿಸುವಂತಾದದ್ದು ಸಾಮಾನ್ಯ ಸಂಗತಿಯಲ್ಲ.

ಅವರು ಈ ಚಳವಳಿಯ ಭಜನೆ ಮಾಡಲಿಲ್ಲ. ಪ್ರೊ. ನಂಜುಂಡಸ್ವಾಮಿಯವರು ಡಂಕೆಲ್ ಪ್ರಸ್ತಾವವನ್ನು ವಿರೋಧಿಸಿದಾಗ ಮಹಾರಾಷ್ಟ್ರದ ಶರದ್ ಜೋಶಿಯವರು ಮುಕ್ತ ಮಾರುಕಟ್ಟೆಯನ್ನು ಸ್ವಾಗತಿಸಿದರು. ಇಬ್ಬರೂ ರೈತನ ಹೆಸರಿನಲ್ಲಿಯೇ ಮಾತನಾಡಿದವರು. 1994ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅಸ್ಸಾದಿಯವರು ಈ ಎರಡೂ ರಾಜ್ಯಗಳ ರೈತ ಸಂಕಥನವನ್ನು ಅಕ್ಕಪಕ್ಕ ಇಟ್ಟು ಅದರ ದ್ವಂದ್ವಗಳನ್ನು ಎತ್ತಿ ತೋರಿದರು. ಚಳವಳಿಗೆ ಹತ್ತಿರವಿದ್ದವರೊಬ್ಬರು ಹಾಗೆ ಬರೆಯುವುದಕ್ಕೆ ಧೈರ್ಯ ಬೇಕು.

ಕೃಷಿ ವಿಜ್ಞಾನಿಯಾದ ನನಗೆ ಹೆಚ್ಚು ಮುಖ್ಯವೆನಿಸುವುದು 1998ರ ಬರಹ. 1997–98ರಲ್ಲಿ ಬೀದರ ಜಿಲ್ಲೆಯ ತೊಗರಿ ನೆಲಕಚ್ಚಿ ರೈತರು ಆತ್ಮಹತ್ಯೆ ಮಾಡಿಕೊಂಡಾಗ ನಮ್ಮ ಶಾಸ್ತ್ರ ಕಂಡದ್ದು ಕಾಯಿಕೊರಕವನ್ನು. ಅದು ಸುಳ್ಳಲ್ಲ. ಆದರೆ ಅಸ್ಸಾದಿಯವರು ಆ ಸಾವುಗಳನ್ನು ಗ್ರಾಮೀಣ ಅರ್ಥವ್ಯವಸ್ಥೆಯ ಸಂಕಟದ ಕುರುಹುಗಳೆಂದು ಓದಿದರು. ಹುಳುವಿಗೆ ಔಷಧವನ್ನು ನಾವು ಹೇಳಬಲ್ಲೆವು; ಆ ಔಷಧವನ್ನು ಉದ್ರಿ ಕೊಟ್ಟ ಅಂಗಡಿಯವನೇ ಸಾಲಗಾರನೂ ಸಲಹೆಗಾರನೂ ಆಗಿರುವ ಸ್ಥಿತಿಗೆ ನಮ್ಮ ಪಠ್ಯದಲ್ಲಿ ಅಧ್ಯಾಯವಿಲ್ಲ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಎರೆಹೊಲದ ಬಿತ್ತನೆಯೂ ವರ್ಷವರ್ಷ ಅಂಗಡಿಯಿಂದಲೇ ಬರುವಂತಾಯಿತು. ಜಯಧರ ಹತ್ತಿಯ ಬೀಜವನ್ನು ಮನೆಯಲ್ಲಿಯೇ ಕಾದಿಟ್ಟುಕೊಳ್ಳುತ್ತಿದ್ದ ಒಕ್ಕಲಿಗೆ ಇದು ಬರಿಯ ತಳಿ ಬದಲಾವಣೆಯಲ್ಲ.

ಇನ್ನು ಕಾಡಿನ ಮಾತು. ನಾಗರಹೊಳೆಗೆ 1990ರ ದಶಕದಲ್ಲಿ ಜಾಗತೀಕರಣ ಎರಡು ವೇಷದಲ್ಲಿ ಬಂದಿತು: ತಾಜ್ ಸಮೂಹದ ವಿಹಾರಧಾಮವಾಗಿ, ವಿಶ್ವಬ್ಯಾಂಕಿನ ನೆರವಿನ ಪರಿಸರ ಅಭಿವೃದ್ಧಿ ಯೋಜನೆಯಾಗಿ. ಮೊದಲನೆಯದನ್ನು ಆದಿವಾಸಿಗಳ ಹೋರಾಟ ಮತ್ತು 1997ರ ಉಚ್ಚ ನ್ಯಾಯಾಲಯದ ತೀರ್ಪು ತಡೆದವು. ಆದರೆ ರಕ್ಷಣೆಯ ಹೆಸರಿನಲ್ಲಿ ಅದಾಗಲೇ ಹೊರಹಾಕಲ್ಪಟ್ಟವರ ಲೆಕ್ಕ ಹಾಗೆಯೇ ಉಳಿದಿತ್ತು. ಉಚ್ಚ ನ್ಯಾಯಾಲಯ ನೇಮಿಸಿದ ಸಮಿತಿಯ ಅಧ್ಯಕ್ಷರಾಗಿ ಅಸ್ಸಾದಿಯವರು 2014ರಲ್ಲಿ ಕೊಟ್ಟ ವರದಿ ಪುನರ್ವಸತಿಗೆ ಅರ್ಹವಾದ 3,418 ಆದಿವಾಸಿ ಕುಟುಂಬಗಳನ್ನು ಗುರುತಿಸಿತು.

ನಮ್ಮಂತಹ ಪರಿಸರ ಸಂಘಟನೆಗಳಿಗೆ ಈ ಅಂಕಿ ಇರಿಸುಮುರಿಸಿನದು. ಗಣಿ, ಅಣೆಕಟ್ಟುಗಳ ವಿರುದ್ಧ ನಾವು ಮುಂದೆ ನಿಲ್ಲುತ್ತೇವೆ. ಹುಲಿಯ ಹೆಸರಿನ ಒಕ್ಕಲೆಬ್ಬಿಸುವಿಕೆಯ ಮುಂದೆ ನಮ್ಮ ದನಿ ಸಣ್ಣದಾಗುತ್ತದೆ. 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲಿನ ತಮ್ಮ ಮೂಲ ನೆಲೆಗೆ ಮರಳಿ ಗುಡಿಸಲು ಕಟ್ಟಿದರು. ಅವರು ಅತಿಕ್ರಮಣಕಾರರಲ್ಲ, ಅರಣ್ಯ ಹಕ್ಕು ಕಾಯಿದೆಯ ವಾರಸುದಾರರು ಎಂದು ಬೆಟ್ಟದ ಜನರಾದ ನಾವು ಬಹಿರಂಗವಾಗಿ ಹೇಳಬೇಕು.

ಅಸ್ಸಾದಿಯವರ ಮುಖ್ಯ ಸಂಶೋಧನೆ ಇಂಗ್ಲಿಷಿನ ನಿಯತಕಾಲಿಕೆಗಳಲ್ಲಿದೆ, ಹೊಲದವರೆಗೆ ಬಂದದ್ದು ಕಡಿಮೆ. ಇಂಗ್ಲಿಷ್ ಬಲ್ಲ ನಮ್ಮ ವಿದ್ಯಾರ್ಥಿಗಳು 1998ರ ಆ ಬರಹವನ್ನೂ ನಾಗರಹೊಳೆಯ ವರದಿಯ ಸಾರವನ್ನೂ ಕನ್ನಡದಲ್ಲಿ ಬರೆದು ತಂದರೆ ಮುಂದಿನ ಜುಲೈ 21ರ ಹುತಾತ್ಮ ದಿನದಂದು ಶಲವಡಿಯಲ್ಲಿಯೂ ಬೆಟ್ಟದ ಊರುಗಳಲ್ಲಿಯೂ ಓದಿಸಬಹುದು.