ಮುಳಬಾಗಿಲಿನಲ್ಲಿ ಕೌಶಲ, ಪಲಮನೇರಿನಲ್ಲಿ ಜೂಜು

2025ರ ಮೇ ತಿಂಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಭಾರತ-ಪಾಕ್ ಸಂಘರ್ಷದಿಂದಾಗಿ ಮೇ 9ರಂದು ನಿಂತ ಐಪಿಎಲ್ ಮತ್ತೆ ಶುರುವಾಗಿದ್ದು 17ಕ್ಕೆ. ಆ ತಿಂಗಳಲ್ಲೇ ಆರ್‌ಸಿಬಿ ಪಟ್ಟಿಯೇ ಬದಲಾಯಿತು. ದೇವದತ್ತ ಪಡಿಕ್ಕಲ್ ಗಾಯಗೊಂಡು ಹೊರಗೆ, ಮಯಂಕ್ ಅಗರ್ವಾಲ್ ಒಳಗೆ. ಹೇಜಲ್‌ವುಡ್‌ಗೆ ಭುಜದ ನೋವು. ನಾಯಕ ರಜತ್ ಪಾಟೀದಾರ್ ಬೆರಳಿಗೆ ಪೆಟ್ಟು. ಇಂಗ್ಲೆಂಡಿಗೆ ಹೊರಟ ಬೆಥೆಲ್ ಜಾಗಕ್ಕೆ ಸೀಫರ್ಟ್, ಎನ್‌ಗಿಡಿ ಜಾಗಕ್ಕೆ ಮುಜರಬಾನಿ.

ಅಭಿಮಾನಿಗೆ ಈ ಪಟ್ಟಿ ಅಂದ್ರೆ ಆತಂಕ. ಫ್ಯಾಂಟಸಿ ಟೀಂ ಕಟ್ಟುವವನಿಗೆ ಅದೇ ಬಂಡವಾಳ. ಟಾಸ್ ಆಗಿ ಆಡುವ ಹನ್ನೊಂದರ ಬಳಗ ಪ್ರಕಟವಾದ ಮೇಲೆ ಸಿಗೋ ಕೆಲವೇ ನಿಮಿಷಗಳಲ್ಲಿ ಟೀಂ ತಿದ್ದಬೇಕು. ಎರಡು ಪಟ್ಟು ಪಾಯಿಂಟ್ ತರುವ ಕ್ಯಾಪ್ಟನ್, ಒಂದೂವರೆ ಪಟ್ಟು ತರುವ ವೈಸ್ ಕ್ಯಾಪ್ಟನ್ ಯಾರು ಅಂತ ತೀರ್ಮಾನಿಸಬೇಕು. ನರಸಾಪುರದ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿದವರು, ಮಾಲೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು, ಕೋಲಾರ ಎಪಿಎಂಸಿಯಲ್ಲಿ ಹರಾಜಿಗೆ ಕಾಯುತ್ತಾ ಕೂತವರು, ಎಲ್ಲರ ಕೈಯಲ್ಲೂ ಇದು ನಡೆಯುತ್ತಿತ್ತು.

ಇದು ಕೌಶಲವೋ, ಜೂಜೋ? ಆಗ ಇದಕ್ಕೆ ಉತ್ತರ ನೀವು ಎಲ್ಲಿ ನಿಂತಿದ್ದೀರಿ ಅನ್ನೋದರ ಮೇಲೆ ಇತ್ತು. ಮುಳಬಾಗಿಲು ತಾಲ್ಲೂಕಿನ ನಂಗಲಿಯಲ್ಲಿ ನಿಂತು ದುಡ್ಡು ಕಟ್ಟಿದರೆ ಕಾನೂನುಬದ್ಧ ಆಟ. ಅದೇ ಹೆದ್ದಾರಿಯಲ್ಲಿ ಗಡಿ ದಾಟಿ ಪಲಮನೇರು ಕಡೆ ಹೋದರೆ ನಿಷಿದ್ಧ. ಆಂಧ್ರ 2020ರಲ್ಲೇ ಕಾನೂನು ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಲ್ಲಿಸಿತ್ತು. ಮಾಲೂರಿನಿಂದ ಹೊಸೂರಿಗೆ ಹೋದವನಿಗೆ ಮಾತ್ರ ಆ್ಯಪ್ ಎಂದಿನಂತೆ ತೆರೆಯುತ್ತಿತ್ತು. ಆಟಗಾರ ಅವನೇ, ಹನ್ನೊಂದು ಹೆಸರೂ ಅವೇ. ಫೋನಿನ ಲೊಕೇಶನ್ ಒಂದು ಬದಲಾದರೆ ಕೌಶಲ ಹೋಗಿ ಜೂಜಾಗ್ತಿತ್ತು.

ಕರ್ನಾಟಕವೂ ಒಮ್ಮೆ ಆಂಧ್ರದ ದಾರಿ ಹಿಡಿದಿತ್ತು. 2021ರ ಅಕ್ಟೋಬರ್‌ನಲ್ಲಿ ಪೊಲೀಸ್ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು, ಡ್ರೀಮ್11 ರಾಜ್ಯದಲ್ಲಿ ವ್ಯವಹಾರ ನಿಲ್ಲಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಕೌಶಲದ ಆಟವನ್ನು ಜೂಜಿನ ಜೊತೆ ಸೇರಿಸಿ ನಿಷೇಧಿಸುವಂತಿಲ್ಲ ಎಂಬುದು ತೀರ್ಪಿನ ತಿರುಳು. ಇದರ ಹಿಂದೆ ಉದ್ದದ ಪರಂಪರೆಯೇ ಇದೆ: 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸನ್ನು ಕೌಶಲ ಎಂದಿತ್ತು, 2017ರಲ್ಲಿ ಪಂಜಾಬ್-ಹರಿಯಾಣ ಹೈಕೋರ್ಟ್ ಡ್ರೀಮ್11 ಆಟಕ್ಕೂ ಅದೇ ಮಾತು ಹೇಳಿತ್ತು.

ಕೌಶಲ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಪಿಚ್, ಫಾರ್ಮ್, ಯಾರ ವಿರುದ್ಧ ಯಾರು ತಡವರಿಸುತ್ತಾರೆ ಎಂಬುದನ್ನೆಲ್ಲ ಓದಿಕೊಂಡವನು ಏನೂ ಓದದವನಿಗಿಂತ ಒಳ್ಳೆಯ ಟೀಂ ಕಟ್ಟುತ್ತಾನೆ. ಪ್ರಶ್ನೆ ಬೇರೆಯೇ ಇದೆ: ಆ ಕೌಶಲ ಫಲ ಕೊಡಲು ಆಟದಲ್ಲಿ ಜಾಗ ಇದೆಯಾ?

ಈ ಆಟದ ಮೂಲ ಅಮೆರಿಕದ ಬೇಸ್‌ಬಾಲ್. 1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಬರಹಗಾರ ಮತ್ತವನ ಗೆಳೆಯರು ನ್ಯೂಯಾರ್ಕಿನಲ್ಲಿ ಒಂದು ಲೀಗ್ ಕಟ್ಟಿದರು. ತಾವು ಸೇರುತ್ತಿದ್ದ ರೆಸ್ಟೋರೆಂಟಿನ ಹೆಸರಿನಿಂದ ಅದಕ್ಕೆ ‘ರೊಟಿಸರಿ’ ಅಂತ ಹೆಸರಾಯ್ತು. ಅಲ್ಲಿ ಟೀಂ ಇಡೀ ಸೀಸನ್‌ಗೆ. ಮಧ್ಯದಲ್ಲಿ ಒಬ್ಬ ಆಟಗಾರ ಗಾಯಗೊಂಡರೆ ಅವನನ್ನು ಬಿಟ್ಟು ಇನ್ನೊಬ್ಬನನ್ನು ತಗೋಬೇಕು, ಗೆಳೆಯನ ಜೊತೆ ಚೌಕಾಸಿ ಮಾಡಿ ಅದಲುಬದಲು ಮಾಡ್ಕೋಬೇಕು, ವಾರಗಟ್ಟಲೆ ಕಾಯಬೇಕು. ಒಂದು ದಿನದ ಅದೃಷ್ಟ ಮುಂದಿನ ನೂರು ಪಂದ್ಯಗಳಲ್ಲಿ ಕರಗಿ ಹೋಗುತ್ತೆ, ಕೊನೆಗೆ ತಿಳಿವಳಿಕೆ ಮೇಲೆ ಬರುತ್ತೆ.

ನಮ್ಮಲ್ಲಿ ಬೆಳೆದ ಮಾದರಿ ಇದಕ್ಕೆ ತದ್ವಿರುದ್ಧ. ಒಂದೇ ಪಂದ್ಯ, ಲಕ್ಷಾಂತರ ಅಪರಿಚಿತರು, ಒಂದು ದೊಡ್ಡ ಬಹುಮಾನ. 2025ರ ಮೇ 27ರ ಲಖನೌ ಪಂದ್ಯವನ್ನೇ ನೋಡಿ. 228 ರನ್‌ಗಳ ಗುರಿ, ಪಾಟೀದಾರ್ ಬದಲು ಜಿತೇಶ್ ಶರ್ಮಾ ನಾಯಕ. 33 ಎಸೆತಗಳಲ್ಲಿ ಅಜೇಯ 85 ಹೊಡೆದು ಪಂದ್ಯ ಗೆಲ್ಲಿಸಿದ. ಅದು ಐಪಿಎಲ್‌ನಲ್ಲಿ ಅವನ ಮೊದಲ ಅರ್ಧಶತಕ! ಅವತ್ತು ಅವನನ್ನು ಕ್ಯಾಪ್ಟನ್ ಮಾಡಿಕೊಂಡವನು ಅಂಕಿಅಂಶ ಓದಿ ಮಾಡಿಕೊಂಡನಾ? ಅಂಕಿಅಂಶ ಓದಿದವನು ಹಾಗೆ ಮಾಡುವ ಸಾಧ್ಯತೆಯೇ ಕಡಿಮೆ. ಒಂದೇ ಪಂದ್ಯದ ಆಟದಲ್ಲಿ ದೊಡ್ಡ ಬಹುಮಾನ ಸಿಗೋದು ಲೆಕ್ಕ ತಪ್ಪಿದ ಕಡೆಯಲ್ಲೇ.

ಇನ್ನು ದುಡ್ಡಿನ ಲೆಕ್ಕ. ಹತ್ತು ಸಮಾನ ಕೌಶಲದ ಗೆಳೆಯರು ತಲಾ 100 ರೂಪಾಯಿ ಹಾಕಿದರೆ ಗುಡ್ಡೆ 1,000. ಗೆದ್ದವರಿಗೆ ಹಂಚುವುದೂ 1,000. ಅದೇ ಹತ್ತು ಜನ ಆ್ಯಪ್‌ನಲ್ಲಿ ಆಡಿ, ಆ್ಯಪ್ ನೂರಕ್ಕೆ 15 ಉಳಿಸಿಕೊಳ್ಳುತ್ತೆ ಅಂತ ಉದಾಹರಣೆಗೆ ಇಟ್ಕೊಳ್ಳಿ. ಹಂಚುವುದು 850, ತಲಾ ಸರಾಸರಿ 85. ಬಂದಿದ್ದನ್ನು ಮತ್ತೆ ಮತ್ತೆ ಹೂಡುತ್ತಾ ಹೋದರೆ ಹತ್ತು ಪಂದ್ಯಕ್ಕೆ ಸರಾಸರಿ 20 ರೂಪಾಯಿ, ಇಪ್ಪತ್ತು ಪಂದ್ಯಕ್ಕೆ 4 ರೂಪಾಯಿ. 2025ರ ಐಪಿಎಲ್‌ನಲ್ಲಿ ಇದ್ದಿದ್ದು 74 ಪಂದ್ಯ. ಇದರ ಮೇಲೆ ಆಗ 2023ರ ಅಕ್ಟೋಬರ್‌ನಿಂದ ಹಾಕಿದ ದುಡ್ಡಿಗೆ ಶೇ 28 ಜಿಎಸ್‌ಟಿ ಇತ್ತು, ಗೆದ್ದ ನಿವ್ವಳ ಹಣಕ್ಕೆ ಶೇ 30 ತೆರಿಗೆ ಕಡಿತವೂ ಇತ್ತು. ಆ್ಯಪ್ ಸೋಲಲ್ಲ, ಸರ್ಕಾರವೂ ಸೋಲಲ್ಲ. ಉಳಿದವರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕೋಲಾರದ ಹುಡುಗರಿಗೆ ಇದು ಯಾಕೆ ಸಹಜ ಅನಿಸಿತು ಅನ್ನೋದನ್ನೂ ಯೋಚಿಸಬೇಕು. ಟೊಮೆಟೊ ಬೆಳೆ ಅಂದ್ರೆ ಲಾಟರಿ ಅನ್ನೋ ಮಾತು ಕೇಳಿಯೇ ಬೆಳೆದ ಊರುಗಳಿವು. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದ ವರ್ಷ ಅದೇ ಹಣ್ಣು ರಸ್ತೆಬದಿ ಸುರಿಯುವಂತಾಗುತ್ತೆ. ಆರ್‌ಸಿಬಿ ಕಪ್ ಗೆದ್ದ ಕೆಲವೇ ದಿನಗಳಲ್ಲಿ, 2025ರ ಜೂನ್‌ನಲ್ಲಿ, ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವನ್ನು ಗಡಿಯಲ್ಲೇ ತಡೆಯಿತು. ಅಲ್ಲಿನ ತಿರುಳು ಕಾರ್ಖಾನೆಗಳನ್ನೇ ನಂಬಿದ್ದ ಶ್ರೀನಿವಾಸಪುರದ ಬೆಳೆಗಾರ ಕೈಕಟ್ಟಿ ಕೂತ. ಮುಖ್ಯಮಂತ್ರಿ ಸಿದ್ದರಾಮಯ್ಯ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಗಡಿಯಾಚೆಯ ಒಂದು ಆದೇಶಕ್ಕೆ ವರ್ಷದ ದುಡಿಮೆ ನೆಲಕಚ್ಚುವುದನ್ನು ನೋಡಿದ ಮನೆಯ ಹುಡುಗನಿಗೆ, ಹನ್ನೊಂದು ಹೆಸರು ಆರಿಸುವುದು ಹೊಲಕ್ಕಿಂತ ತನ್ನ ಹಿಡಿತದಲ್ಲಿರುವ ಕೆಲಸ ಅನಿಸಿದರೆ ಅದನ್ನು ಬರೀ ದುರಾಸೆ ಅನ್ನೋಕಾಗಲ್ಲ. ಆ್ಯಪ್‌ಗಳು ಮಾರಿದ್ದೂ ಅದೇ ಭ್ರಮೆಯನ್ನು: ನಿನ್ನ ತಲೆಗೆ ಬೆಲೆ ಇದೆ ಅಂತ.

2025ರ ಆಗಸ್ಟ್‌ನಲ್ಲಿ ಕೇಂದ್ರ ಎಲ್ಲವನ್ನೂ ಒಂದೇ ಏಟಿಗೆ ಮುಗಿಸಲು ಹೊರಟಿತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿ ಅಂಕಿತ. ಕೌಶಲವೋ ಅದೃಷ್ಟವೋ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವನಿಗೆ ಶಿಕ್ಷೆಯಿಲ್ಲ, ಇದು ಸರಿಯಾದ ನಿಲುವು. ಡ್ರೀಮ್11 ಹಣದ ಸ್ಪರ್ಧೆ ನಿಲ್ಲಿಸಿತು, 358 ಕೋಟಿಯ ಟೀಂ ಇಂಡಿಯಾ ಜೆರ್ಸಿ ಪ್ರಾಯೋಜಕತ್ವದಿಂದಲೂ ಹೊರಬಂತು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿ ಬೇರೆ ಬೇರೆ ಹೈಕೋರ್ಟ್‌ಗಳಿಗೆ ಹೋದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೇ ತರಿಸಿಕೊಂಡಿತು.

ನಿಷೇಧದ ಉದ್ದೇಶಕ್ಕೆ ನನ್ನ ತಕರಾರಿಲ್ಲ. ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂದು ಕೇಂದ್ರವೇ ಅಂದಾಜು ಕೊಟ್ಟಿತು. ಹಾಗಾದರೆ ಕಳೆದುಕೊಂಡವರಿಗೆ ಏನು? ಸಂಸತ್ತಿನಲ್ಲಿ ಚರ್ಚೆಯೇ ಸರಿಯಾಗಿ ಆಗಲಿಲ್ಲ. ತೆರಿಗೆ ಬರುವಾಗ ಅದು ಉದ್ಯಮ, ಸಾವಿನ ಸುದ್ದಿ ಬಂದಾಗ ಪಿಡುಗು.

ನಿಷೇಧದ ಮರುದಿನ ಏನಾಗುತ್ತೆ ಅಂತ ನಮಗೆ ಗೊತ್ತಿಲ್ಲದೆ ಇಲ್ಲ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು, ಮಟ್ಕಾ ನಿಲ್ಲಲಿಲ್ಲ. ಈಗ ಟೆಲಿಗ್ರಾಂ, ವಾಟ್ಸ್ಆ್ಯಪ್‌ನಲ್ಲಿ ‘ಐಡಿ’ ಮಾರುವವರಿದ್ದಾರೆ. ಸರ್ವರ್ ವಿದೇಶದಲ್ಲಿ, ದುಡ್ಡು ಹೋಗುವುದು ಇನ್ಯಾರದೋ ಬಾಡಿಗೆ ಬ್ಯಾಂಕ್ ಖಾತೆಗೆ. ಅಲ್ಲಿ ವಯಸ್ಸು ಕೇಳುವವರಿಲ್ಲ, ಮಿತಿ ಹಾಕುವವರಿಲ್ಲ, ಮೋಸ ಹೋದವನು ಠಾಣೆಗೆ ಹೋಗಲು ಹೆದರುತ್ತಾನೆ.

ಹಾಗಾಗಿ ನಾವು ಕೇಳಬೇಕಾದ್ದು ಮೂರು. ಒಂದು, ಈ ಆಟಗಳಿಂದ ಬಂದ ಜಿಎಸ್‌ಟಿಯಲ್ಲಿ ಒಂದು ಪಾಲು ಸಾಲದ ಸುಳಿಗೆ ಬಿದ್ದವರ ಆಪ್ತಸಮಾಲೋಚನೆಗೆ, ತಾಲ್ಲೂಕು ಆಸ್ಪತ್ರೆ ಮಟ್ಟದಲ್ಲೇ ಹೋಗಬೇಕು. ಎರಡು, ಆಡುವವನು ಆರೋಪಿಯಲ್ಲ ಎಂಬುದನ್ನು ಠಾಣೆಗಳು ಪಾಲಿಸಬೇಕು. ಹಿಡಿಯಬೇಕಾದ್ದು ಖಾತೆ ಬಾಡಿಗೆಗೆ ಪಡೆಯುವವರನ್ನು, ಐಡಿ ಮಾರುವವರನ್ನು. ಮೂರನೆಯದು ಕಷ್ಟದ್ದು. ತೋತಾಪುರಿಗೂ ಟೊಮೆಟೊಗೂ ನಂಬಬಹುದಾದ ಕನಿಷ್ಠ ಬೆಲೆ, ಜಿಲ್ಲೆಯೊಳಗೇ ಸಂಸ್ಕರಣೆ. ದುಡಿಮೆಯೇ ಜೂಜಾಗಿರುವ ಕಡೆ ಆ್ಯಪ್ ಒಂದನ್ನು ಮುಚ್ಚಿದರೆ ಇನ್ನೊಂದು ತೆರೆಯುತ್ತೆ.

ಮುಂದಿನ ಐಪಿಎಲ್‌ನಲ್ಲೂ ಯಾರೋ ಗಾಯಗೊಳ್ಳುತ್ತಾರೆ, ಯಾರೋ ಒಳಬರುತ್ತಾರೆ. ಅದನ್ನು ಬರೀ ಕ್ರಿಕೆಟ್ ಸುದ್ದಿಯಾಗಿ ಓದುವಷ್ಟು ನೆಮ್ಮದಿ ಈ ತಾಲ್ಲೂಕುಗಳ ಹುಡುಗರಿಗೆ ಸಿಗಬೇಕು.